ಸಪ್ಪಗಾಗುತ್ತೆ ಬಿಡ್ರಿ ಅಂದಿದ್ದೆ

ವಿಜ್ಞಾನದ ಮೇಷ್ಟ್ರು ಅನ್ನೋ ಒಂದೇ ಕಾರಣಕ್ಕೆ ಕಂಪ್ಲಿಯಲ್ಲಿ ನನ್ನ ಮಾತಿಗೆ ಯೋಗ್ಯತೆಗಿಂತ ಹೆಚ್ಚು ಬೆಲೆಯಿತ್ತು. 2021ರ ಫೆಬ್ರವರಿಯಲ್ಲಿ ಕೊರೊನಾ ಇಳಿದಿತ್ತು. ‘ವೈರಸ್ ರೂಪ ಬದಲಿಸಿದಷ್ಟೂ ಸಪ್ಪಗಾಗುತ್ತೆ ಬಿಡ್ರಿ. ಮನೆಯನ್ನೇ ಸುಟ್ಟರೆ ಬಾಡಿಗೆಯವನು ಇರೋದೆಲ್ಲಿ?’ ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದೆ. ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾಯಿತು. ‘ಹಾಕಿಸ್ಕೊಳ್ಳಲೇನಪ್ಪಾ?’ ಎಂದು ಸೋದರಮಾವ ಕೇಳಿದರು. ‘ಅವಸರ ಏನಿಲ್ಲ ಮಾವ, ಭತ್ತದ ಕೊಯ್ಲು ಮುಗೀಲಿ’ ಅಂದೆ.

ಆಮೇಲೆ ಬಂದದ್ದು ಡೆಲ್ಟಾ. ಏಪ್ರಿಲ್ 16ಕ್ಕೆ ಹಂಪಿಯ ಸ್ಮಾರಕಗಳ ಬಾಗಿಲು ಹಾಕಿದರು. ಅಷ್ಟಾದರೂ ಹೊಸಪೇಟೆಯ ಮದುವೆಯೊಂದಕ್ಕೆ ಹೋಗಿಬಂದೆವು. ಮಾವನಿಗೆ ಜ್ವರ ಬಂತು, ಬಿಟ್ಟಿತು ಅಂದುಕೊಳ್ಳುವಷ್ಟರಲ್ಲಿ ಏದುಸಿರು. ಗದ್ದೆ ಕೆಲಸದಿಂದ ದಡ್ಡುಗಟ್ಟಿದ ಅವರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ ಮೊದಲು ಏನೂ ತೋರಿಸಲಿಲ್ಲ. ಉಜ್ಜಿ ಬಿಸಿ ಮಾಡಿ ಮತ್ತೆ ಹಾಕಿದೆ. 84. ‘ಸೆಲ್ಲು ವೀಕಾಗಿರಬೇಕು’ ಎಂದು ನನ್ನ ಬೆರಳಿಗೆ ಹಾಕಿಕೊಂಡೆ. 97.

ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, ಜಿಂದಾಲ್ ಕಾರ್ಖಾನೆಯ ಹತ್ತಿರ ಆಗಷ್ಟೇ ಎದ್ದಿದ್ದ ತಾತ್ಕಾಲಿಕ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಉಕ್ಕಿಗೆಂದು ತಯಾರಾಗುವ ಆಮ್ಲಜನಕ ಅಲ್ಲಿ ಜನರ ಉಸಿರಿಗೆ ಬರುತ್ತಿತ್ತು. ಮಾವ ಉಳಿದರು. ಈಗಲೂ ಕಾಲುವೆಯ ಏರಿ ಹತ್ತುವಾಗ ನಡುವೆ ಒಮ್ಮೆ ನಿಲ್ಲುತ್ತಾರೆ.

ನಾನು ತಪ್ಪಿದ್ದು ಎಲ್ಲಿ ಎಂಬುದು ಆಮೇಲೆ ಓದಿದಾಗ ತಿಳಿಯಿತು. ಕೊರೊನಾದ ಜೀನೋಮ್ ಸುಮಾರು 30,000 ಅಕ್ಷರಗಳದ್ದು. ನಕಲಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪಾಗುತ್ತದೆ. ಹೆಚ್ಚಿನವು ನಿಷ್ಪ್ರಯೋಜಕ, ಹರಡಲು ಅನುಕೂಲವಾದದ್ದು ಮಾತ್ರ ಮೇಲುಗೈ ಸಾಧಿಸುತ್ತದೆ. ಡೆಲ್ಟಾದ ಮುಳ್ಳಿನ ಪ್ರೋಟೀನಿನಲ್ಲಿ 681ನೇ ಜಾಗದ ಒಂದು ಬದಲಾವಣೆ, ಅದು ಜೀವಕೋಶದೊಳಗೆ ನುಗ್ಗುವುದನ್ನು ಸಲೀಸು ಮಾಡಿತ್ತು. ರೋಗಿ ಎಷ್ಟು ನರಳುತ್ತಾನೆ ಎಂಬುದು ವೈರಸ್ಸಿನ ಲೆಕ್ಕಕ್ಕೇ ಬರಲಿಲ್ಲ. ಏಕೆಂದರೆ ಸೋಂಕು ಹೆಚ್ಚು ಅಂಟುವುದು ಲಕ್ಷಣ ಕಾಣಿಸಿಕೊಳ್ಳುವ ಆಸುಪಾಸಿನ ದಿನಗಳಲ್ಲಿ, ಉಸಿರು ಕಟ್ಟುವುದು ಸಾಮಾನ್ಯವಾಗಿ ಎರಡನೇ ವಾರದಲ್ಲಿ. ಬಾಡಿಗೆಯವನು ಆಗಲೇ ಮನೆ ಬದಲಿಸಿರುತ್ತಾನೆ!

2022ರ ಜನವರಿಯಲ್ಲಿ ಓಮಿಕ್ರಾನ್ ಬಂದು ನೆಗಡಿಯಂತೆ ಹೋದಾಗ ಪರಿಚಯದವನೊಬ್ಬ, ‘ನೋಡ್ರಿ ಮೇಷ್ಟ್ರೇ, ಕೊನೆಗೂ ನೀವಂದಂಗೇ ಆಯ್ತು’ ಎಂದ. ಒಪ್ಪಿಕೊಂಡಿದ್ದರೆ ಕಳೆದ ಮರ್ಯಾದೆ ಸ್ವಲ್ಪ ವಾಪಸ್ ಬರುತ್ತಿತ್ತು. ಆದರೆ ಓಮಿಕ್ರಾನ್ ಡೆಲ್ಟಾದ ಮಗುವಲ್ಲ, ಬೇರೆಯದೇ ಕವಲು. ಶ್ವಾಸಕೋಶದ ಆಳಕ್ಕಿಂತ ಮೇಲಿನ ಶ್ವಾಸನಾಳಗಳಲ್ಲೇ ಅದು ಚೆನ್ನಾಗಿ ಬೆಳೆಯುತ್ತಿತ್ತು, ನಿಜ. ಅಷ್ಟರಲ್ಲಿ ನಮ್ಮವರಲ್ಲೂ ಬಹಳಷ್ಟು ಜನಕ್ಕೆ ಲಸಿಕೆಯೋ ಹಳೆಯ ಸೋಂಕೋ ಆಗಿತ್ತು. ಅದೇ ಓಮಿಕ್ರಾನ್ ಮುಂದಿನ ಎರಡು ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ಸಾವಿರಾರು ಜನರನ್ನು ಕೊಂದಿತು. ಹೆಚ್ಚಿನವರು ಲಸಿಕೆ ಪೂರ್ತಿ ಆಗದ ವೃದ್ಧರು. ಇದನ್ನೆಲ್ಲ ಆ ಪರಿಚಯದವನಿಗೆ ಮುಂದೊಮ್ಮೆ ಹೇಳಿದೆ. ಮುಖ ಸಣ್ಣದು ಮಾಡಿಕೊಂಡ. ಅವನಿಗೆ ಬೇಕಿದ್ದದ್ದು ನನ್ನ ಹಳೆಯ ಮಾತೇ.