ಅಂಗಳದಲ್ಲೊಂದು ಗಾಡಿಯ ಮೈ

ನಮ್ಮ ಮಾತಿನಲ್ಲಿ 'ಹಗುರ' ಎಂಬ ಶಬ್ದಕ್ಕೆ ಅಂಥ ಮರ್ಯಾದೆಯೇನೂ ಇಲ್ಲ. ಒಬ್ಬರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 'ಹಗುರವಾಗಿ ಕಂಡರು' ಎನ್ನುತ್ತೇವೆ. ನಾಲ್ಕು ಜನರ ನಡುವೆ ಆಡಬಾರದ್ದನ್ನು ಆಡಿದರೆ ಅದು 'ಹಗುರ ಮಾತು'. ಹಾಗಾದರೆ ಭಾರಕ್ಕಾದರೂ ಬೆಲೆಯುಂಟೇ ಎಂದರೆ, ಹೆಣ್ಣುಮಕ್ಕಳಿರುವ ಮನೆಯವರನ್ನು ಕೇಳಿ ನೋಡಿ, 'ಭಾರ ಯಾವಾಗ ಇಳಿಸ್ತೀರಿ' ಎಂಬ ಪ್ರಶ್ನೆ ಅವರ ಕಿವಿಗೆ ಎಷ್ಟು ಸಲ ಬಿದ್ದಿದೆಯೋ! ಹಗುರವಾಗಿಸುವುದು ಎಷ್ಟು ಬುದ್ಧಿ ಬೇಡುವ ಕೆಲಸ ಎಂಬುದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ನನ್ನ ಮಗಳ ಕೈಕೆಲಸ ನೋಡಿ.

ಮಗಳು ಆಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಳು. ಅವಳೂ ನಾಲ್ವರು ಹುಡುಗರೂ ಸೇರಿ ಕಾಲೇಜುಗಳ ನಡುವಿನ ಸ್ಪರ್ಧೆಗೆ ಗೋ-ಕಾರ್ಟ್ ಕಟ್ಟುತ್ತಿದ್ದರು. ಗೋ-ಕಾರ್ಟ್ ಎಂದರೆ ನೆಲಕ್ಕೆ ತಾಗುವಷ್ಟು ತಗ್ಗಾದ, ಒಬ್ಬರೇ ಕೂರುವ, ನಾಲ್ಕು ಗಾಲಿಯ ಪುಟ್ಟ ಓಟದ ಗಾಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬಾತ 1956ರಲ್ಲಿ ಕೊಳವೆಗಳನ್ನು ಬೆಸೆದು, ಚಿಕ್ಕದೊಂದು ಎಂಜಿನ್ ಕೂರಿಸಿ ಮೊದಲನೆಯದನ್ನು ಮಾಡಿದನಂತೆ. ಅದಕ್ಕೆ ಮೈಯೇ ಇರಲಿಲ್ಲ, ಬರೀ ಎಲುಬು.

ಕೆಲಸ ಹಂಚಿಕೊಳ್ಳುವಾಗ ಎಂಜಿನ್, ಬ್ರೇಕು, ಸ್ಟೀರಿಂಗು ಹುಡುಗರ ಪಾಲಾದವು. "ಬಾಡಿ ನೀ ಮಾಡು, ನಿನಗ ಚೆಂದ ಮಾಡಾಕ ಬರ್ತೈತಿ" ಎಂದು ಇವಳಿಗೆ ಹೊರಕವಚ ಕೊಟ್ಟರು. ರಂಗೋಲಿ ಹಾಕುವವಳಿಗೆ ಕೊಡುವ ಕೆಲಸದಂತೆ! ಅವಳು ವಾದ ಮಾಡಲಿಲ್ಲ. ರಜೆಗೆ ಬರುವಾಗ ಅಳತೆಯ ಚೀಟಿಗಳನ್ನು ಹಿಡಿದು ಮನೆಗೆ ಬಂದಳು. ಒಂದು ವಾರದಲ್ಲಿ ನಮ್ಮ ಅಂಗಳ ಬಡಿಗೇರ ಮನೆಯಾಯಿತು.

ಮೊದಲು ಗಾಡಿಯ ಮೂತಿಯನ್ನು ಥರ್ಮೋಕೋಲಿನಲ್ಲಿ ಕೊರೆದು, ಅದರ ಮೇಲೆ ಫೈಬರ್ ಗ್ಲಾಸ್ ಹೊದಿಸಲು ಹೊರಟಳು. ರೆಸಿನ್ ಎಂಬ ಅಂಟುದ್ರವ ತಾಗಿದ್ದೇ ತಡ, ಥರ್ಮೋಕೋಲು ಮಳೆಗೆ ಸಿಕ್ಕ ಬೆಲ್ಲದಂತೆ ಕರಗಿ ಕುಸಿಯಿತು. ಆ ರೆಸಿನ್‌ನಲ್ಲಿ ಸ್ಟೈರೀನ್ ಇರುತ್ತದೆ, ಥರ್ಮೋಕೋಲನ್ನು ಅದು ತಿಂದುಬಿಡುತ್ತದೆ. ಮಾರಿದ ಅಂಗಡಿಯವರು ಇದನ್ನು ಹೇಳಿರಲಿಲ್ಲ. ಮಗಳು ಒಂದು ದಿನ ಮುಖ ಊದಿಸಿಕೊಂಡಿದ್ದು, ಮರುದಿನ ಮರದ ದಾರಿ ಹಿಡಿದಳು.

4 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಪಕ್ಕೆಲುಬುಗಳನ್ನು ಕೊರೆದು, ಒಂದೊಂದರ ನಡುವೆಯೂ ಬಳೆಯಗಲದ ತೂತು ತೆಗೆದಳು. "ಭಾರ ಬೀಳದ ಕಡೆ ಮರ ಯಾಕ ಇಡಬೇಕವ್ವಾ?" ಎಂದಳು. ಸರಕು ತುಂಬುವ ಪೆಟ್ಟಿಗೆಗಳಿಂದ ಕಿತ್ತ ಪೈನ್ ಮರದ ತೆಳುಪಟ್ಟಿಗಳನ್ನು ಪಕ್ಕೆಲುಬುಗಳ ಮೇಲೆ ಬಾಗಿಸಿ ಅಂಟಿಸಿದಾಗ ತೊಟ್ಟಿಲು ಬೋರಲು ಹಾಕಿದಂತೆ ಕಂಡಿತು.

ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ ನಮ್ಮ ಅತ್ತೆಗೆ ಎಂಬತ್ತರ ಹತ್ತಿರ ವಯಸ್ಸು. ಈ ಅಸ್ಥಿಪಂಜರದ ಮೇಲೆ ಗಾಜಿನ ನೂಲಿನ ಚಾಪೆ ಹಾಸಿ, ಬ್ರಷ್ಷಿನಿಂದ ರೆಸಿನ್ ಮೆತ್ತುವುದನ್ನು ಕಂಡು, "ಇಷ್ಟೇ ಏನು? ನಾವು ಬುಟ್ಟಿಗೆ ಮಾಡ್ತಿದ್ದಿಲ್ಲೇನು?" ಎಂದರು.

ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಸವೆದ ಬಿದಿರು ಬುಟ್ಟಿಗೆ ನೆನೆಸಿದ ಕಾಗದ, ಮೆಂತ್ಯ ಸೇರಿಸಿ ರುಬ್ಬಿ ಮೆತ್ತಿ ಬಿಸಿಲಿಗಿಡುತ್ತಿದ್ದರು. ಒಣಗಿದ ಮೇಲೆ ಅದರಲ್ಲಿ ಹಿಟ್ಟು ತುಂಬಿಟ್ಟರೂ ಸೋರುತ್ತಿರಲಿಲ್ಲ. ಬಿದಿರು ಆಕಾರ ಕೊಟ್ಟಿತು, ಕಾಗದದ ನಾರು ಹಿಡಿದುಕೊಂಡಿತು, ಮೆಂತ್ಯ ಅಂಟಿಸಿತು. ಫೈಬರ್ ಗ್ಲಾಸಿನ ಗುಟ್ಟೂ ಇದೇ. ಗಾಜಿನ ನೂಲು ಎಳೆದರೆ ಸುಲಭಕ್ಕೆ ಹರಿಯದು, ಆದರೆ ತಾನಾಗಿ ನಿಲ್ಲದು. ರೆಸಿನ್ ಒಂದೇ ಗಟ್ಟಿಯಾದರೆ ಗಾಜಿನ ಬಳೆಯಂತೆ ಸಿಡಿಯುತ್ತದೆ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಅಲ್ಲಿಯ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಬಟ್ಟೆಯ ಚೂರುಗಳನ್ನು ಮೈತುಂಬ ಅಂಟಿಸಿ, ಆಮೇಲೆ ಬಣ್ಣದ ಕೆಲಸಕ್ಕೆ ಕೈ ಹಾಕುತ್ತಾರೆ. ಅದನ್ನು ಹೇಳಿದಾಗ ಮಗಳು ಬ್ರಷ್ಷು ಹಿಡಿದೇ ನಿಂತು ಕೇಳಿದಳು. "ನಮ್ಮ ಪುಸ್ತಕದಾಗ ಇದಕ್ಕ ಕಾಂಪೋಸಿಟ್ ಅಂತಾರ. ಪಾಠದಾಗ ವಿಮಾನದ ಉದಾಹರಣೆ ಕೊಟ್ಟಾರ, ಕಿನ್ನಾಳದ್ದು ಕೊಟ್ಟಿಲ್ಲ" ಎಂದಳು. ನನಗೆ ಮೋಟಾರಿನದೇ ಇನ್ನೊಂದು ಉದಾಹರಣೆ ನೆನಪಾಯಿತು. ನಾನು ಶಾಲೆಯಲ್ಲಿದ್ದಾಗ, 1982ರಲ್ಲಿ, ಬೆಂಗಳೂರಿನ ಸಿಪಾನಿ ಕಂಪನಿಯ ಡಾಲ್ಫಿನ್ ಕಾರು ಬಂದಿತ್ತು. ಅದರ ಮೈಯೂ ಫೈಬರ್ ಗ್ಲಾಸಿನದೇ.

ಬುಟ್ಟಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಮೆಂತ್ಯ ಕೈಗೆ ಒಳ್ಳೆಯದು, ಇದು ಅಲ್ಲ. ರೆಸಿನ್‌ಗೆ ಮೊದಲು ಕೋಬಾಲ್ಟ್ ವೇಗವರ್ಧಕ ಬೆರೆಸಿ ಚೆನ್ನಾಗಿ ಕಲಕಬೇಕು. ಆಮೇಲೆ ಗಟ್ಟಿಯಾಗಿಸುವ ದ್ರವವನ್ನು ನೂರಕ್ಕೆ ಒಂದೆರಡು ಪಾಲು ಹಾಕಬೇಕು. ಆ ಎರಡನ್ನೂ ನೇರವಾಗಿ ಕೂಡಿಸಿದರೆ ಸ್ಫೋಟವಾದೀತು. ಒಮ್ಮೆಗೇ ಹೆಚ್ಚು ಕಲಸಿಟ್ಟರೆ ಡಬ್ಬಿಯಲ್ಲೇ ಕಾದು ಹೊಗೆಯಾಡುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಂತೂ ಬಹಳ ಬೇಗ ಬಿಗಿಯುತ್ತದೆ. ಅದಕ್ಕೇ ಬೆಳಗಿನ ಆರು ಗಂಟೆಗೆ ಕೆಲಸ ಶುರು, ಬಿಸಿಲೇರುವ ಮುಂಚೆ ಮುಕ್ತಾಯ. ಕೈಗವಸು, ಮೂಗಿಗೆ ಮಾಸ್ಕು, ಅಪ್ಪನ ಹಳೆಯ ತುಂಬುತೋಳಿನ ಅಂಗಿ. ಗಾಜಿನ ಪುಡಿ ಹಾರದಂತೆ ನೀರು ಹಚ್ಚಿಯೇ ಉಜ್ಜುತ್ತಿದ್ದಳು. ಪದರದ ಒಳಗೆ ಗಾಳಿ ಸಿಕ್ಕಿಕೊಂಡ ಜಾಗವನ್ನು ಮೊದಲು ಹಿಡಿಯುತ್ತಿದ್ದವರು ಅತ್ತೆ. "ಅಲ್ಲಿ ನೋಡವಾ, ಹಪ್ಪಳ ಉಬ್ಬಿದಂಗ ಉಬ್ಬೈತಿ" ಎಂದರೆ ಮೊಮ್ಮಗಳು ರೋಲರ್ ಹಿಡಿದು ಓಡುತ್ತಿದ್ದಳು.

ಎಲ್ಲ ಮುಗಿದು ಅಕ್ಕಿಯಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ 8 ಕಿಲೋ ಬಂತು. 1 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೇ ಸುಮಾರು 8 ಕಿಲೋ ತೂಗುತ್ತದೆ. ಇವಳ ಗಾಡಿಯ ಮೈ ಎರಡೂವರೆ ಚದರ ಮೀಟರು. ತಗಡಾಗಿದ್ದರೆ 20 ಕಿಲೋ ಆಗುತ್ತಿತ್ತೆಂದು ತಂಡದ ಹುಡುಗರೇ ಲೆಕ್ಕ ಹಾಕಿದರು. ಆಮೇಲೆ ಯಾರೂ 'ಚೆಂದ ಮಾಡಾಕ' ಎಂಬ ಮಾತೆತ್ತಲಿಲ್ಲ.

ಕಷ್ಟದ ಪ್ರಶ್ನೆ ಬಂದದ್ದು ಆಮೇಲೆ. ಓಡಿಸುವವರ ತೂಕವನ್ನೂ ಎಂಜಿನ್ನೇ ಎಳೆಯಬೇಕಲ್ಲ! ತಂಡದಲ್ಲಿ ಎಲ್ಲರಿಗಿಂತ ಹಗುರ ಇವಳೇ, 48 ಕಿಲೋ. ಕೂರುವವಳು ನೀನೇ ಎಂದರು ಹುಡುಗರು. ಅದಕ್ಕೆ ಪಾಲಕರ ಒಪ್ಪಿಗೆ ಪತ್ರ ಬೇಕಿತ್ತು. ನಮ್ಮವರು ಓದಿ ಮಡಚಿಟ್ಟರು. "ಮಾಡಿದ್ದು ಸಾಕು, ಕೂಡೋದು ಬ್ಯಾಡ. ನಾಳೆ ಕೈಕಾಲಿಗೆ ಏನರ ಆದ್ರ ಮಂದಿಗೆ ಏನಂತ ಹೇಳೋದು?" ಎಂದರು. ತಂದೆಯಾದವನ ಭಯ ಅದು, ಅದರಲ್ಲಿ ಸುಳ್ಳಿಲ್ಲ. ಆದರೆ ಗಂಡುಮಗ ಇದ್ದಿದ್ದರೆ ಮಂದಿಯ ಮಾತು ಬರುತ್ತಿತ್ತೇ ಎಂಬುದು ನನ್ನ ಗಂಟಲಲ್ಲೇ ಉಳಿಯಿತು.

ರಾತ್ರಿ ಮಗಳನ್ನು ಕೇಳಿದೆ, "ನೀ ಮಾಡಿದ ಈ ಮೈ ನಿನ್ನ ಕಾಯತೈತೇನು?"

ಹೌದು ಎಂದಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲವೇನೋ. ಅವಳು ಸ್ವಲ್ಪ ಯೋಚಿಸಿ, "ಪೂರಾ ಇಲ್ಲವ್ವಾ" ಎಂದಳು. ಡಿಕ್ಕಿಯ ಹೊಡೆತ ತಡೆಯುವುದು ಒಳಗಿನ ಉಕ್ಕಿನ ಕೊಳವೆ ಮತ್ತು ಬಂಪರು, ತಲೆ ಕಾಯುವುದು ಹೆಲ್ಮೆಟ್ಟು. ಈ ಮೈ ಹಾರಿಬರುವ ಕಲ್ಲಿನಿಂದ ಕಾಲು ಕಾಯುತ್ತದೆ, ಪಕ್ಕದ ಗಾಡಿಯ ಗಾಲಿ ತನ್ನ ಗಾಲಿಯೊಳಗೆ ಸಿಕ್ಕದಂತೆ ದೂರವಿಡುತ್ತದೆ, ಅಷ್ಟೇ. ಫೈಬರ್ ಒಡೆದರೆ ಅಂಚು ಚೂಪಾಗಿ ಕೊಯ್ಯುತ್ತದೆ, ಅದಕ್ಕೇ ಅಂಚಿಗೆಲ್ಲ ರಬ್ಬರ್ ಪಟ್ಟಿ ಕೂಡಿಸಿದ್ದೇನೆ ಎಂದು ಕೈಹಿಡಿದು ಸವರಿ ತೋರಿಸಿದಳು. ಏನು ಕಾಯುತ್ತದೆ, ಏನು ಕಾಯುವುದಿಲ್ಲ ಎಂದು ಇಷ್ಟು ಬಿಡಿಸಿ ಬಲ್ಲವಳನ್ನು ತಡೆಯಲು ನನ್ನಲ್ಲಿ ಮಾತಿರಲಿಲ್ಲ. ಪಾಲಕರ ಸಹಿ ಎಂದಷ್ಟೇ ಪತ್ರದಲ್ಲಿತ್ತು. ತಾಯಿಯೂ ಪಾಲಕಳೇ. ನಮ್ಮವರ ಎದುರಿಗೇ ಸಹಿ ಮಾಡಿದೆ. ಅವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಹೋಗಿ ಒಳ್ಳೆಯ ಹೆಲ್ಮೆಟ್ ತಂದರು.

ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಕೊನೆಯ ಸುತ್ತುಗಳಲ್ಲಿ ಚೈನು ಕಳಚಿತು. ಸೀಟಿಗೆ ಒತ್ತಿ ಪಕ್ಕೆ ಕಂದಿದ್ದು ಬಿಟ್ಟರೆ ಮಗಳಿಗೆ ಏನೂ ಆಗಲಿಲ್ಲ, ಗಾಡಿಯ ಮೈಗೂ ಒಂದು ಬಿರುಕು ಬಿಡಲಿಲ್ಲ. ಅವಳೀಗ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಅದೇ ಕಾಲೇಜಿನ ಇಬ್ಬರು ಹುಡುಗಿಯರು ಮರದ ಅಚ್ಚು ನೋಡಲೆಂದು ನಮ್ಮ ಮನೆಗೆ ಬಂದಿದ್ದರು. ಅಳತೆ ಹೇಳಲು ಮಗಳು ಊರಲ್ಲಿರಲಿಲ್ಲ. ಅತ್ತೆಯೇ ಅವರನ್ನು ಹತ್ತಿರ ಕೂರಿಸಿಕೊಂಡು, ಚಹಾ ಆರುವವರೆಗೂ ಗಾಳಿಗುಳ್ಳೆ ಹುಡುಕುವುದು ಹೇಗೆಂದು ಹೇಳುತ್ತಿದ್ದರು.