ಹತ್ತಾಣೆಯ ಸೊಳ್ಳೆಗಳು

ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಕಡೆ ಓಡಾಡದ ಸದಸ್ಯರು ನಮ್ಮ ಸಂಘದಲ್ಲಿ ವಿರಳ. ಆದರೆ ಅಲ್ಲೇ ಸಮೀಪದ ರೊನಾಲ್ಡ್ ರಾಸ್ ಕಟ್ಟಡವನ್ನು ನೋಡಿದವರು ಎಷ್ಟು ಮಂದಿಯೋ! ಊರಿನಿಂದ ಬಂದ ನೆಂಟರಿಗೆ ಚಾರ್‌ಮಿನಾರ್, ಸಾಲಾರ್ ಜಂಗ್ ಮ್ಯೂಸಿಯಂ ತೋರಿಸಿ ರೈಲು ಹತ್ತಿಸಿಬಿಡುತ್ತೇವೆ. ನನ್ನನ್ನು ಕೇಳಿದರೆ, ಮಲೆನಾಡಿನವರಿಗೆ ಮೊದಲು ತೋರಿಸಬೇಕಾದ್ದು ಈ ಕಟ್ಟಡವನ್ನೇ.

ನಮ್ಮ ಅಜ್ಜಿಯ ಏಳು ಮಕ್ಕಳಲ್ಲಿ ಮೂವರನ್ನು ಚಳಿಜ್ವರ ಕೊಂಡೊಯ್ದಿತ್ತು. ಕೊಪ್ಪದ ಕಡೆಯ ಆ ಹಳ್ಳಿಯಲ್ಲಿ ಮಳೆ ಬಂದಂತೆ ಜ್ವರವೂ ಬರುವುದು ವಾಡಿಕೆ. ಎಲ್ಲ ಗಾಳಿಯ ದೋಷ ಎನ್ನುತ್ತಿದ್ದರಂತೆ. ಹಳ್ಳಿಯವರ ಅಜ್ಞಾನವೆಂದು ನಗುವಂತಿಲ್ಲ. ‘ಮಲೇರಿಯಾ’ ಎಂಬ ಇಟಲಿಯ ಮಾತಿಗೂ ಕೆಟ್ಟ ಗಾಳಿ ಎಂದೇ ಅರ್ಥ.

ಪಾಸ್ತರ್, ಕಾಖ್ ಮೊದಲಾದವರು ಸೂಕ್ಷ್ಮಜೀವಿಶಾಸ್ತ್ರಕ್ಕೆ ಅಡಿಪಾಯ ಹಾಕುತ್ತಿದ್ದ ಕಾಲದಲ್ಲಿ, ೧೮೮೦ರಲ್ಲಿ, ಫ್ರೆಂಚ್ ಸೇನೆಯ ವೈದ್ಯ ಲಾವೆರಾನ್ ಅಲ್ಜೀರಿಯಾದಲ್ಲಿ ಈ ಜ್ವರದ ಜೀವಾಣುವನ್ನು ರೋಗಿಯ ರಕ್ತದಲ್ಲೇ ಕಂಡರು. ಅದರ ಗುರುತು ಒಳಗಿನ ಕಪ್ಪು ಕಣಗಳು. ಆದರೆ ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ಅದು ದಾಟುವುದು ಹೇಗೆ? ಲಂಡನ್ನಿನ ಮ್ಯಾನ್ಸನ್ನರಿಗೆ ಸೊಳ್ಳೆಯ ಮೇಲೆ ಗುಮಾನಿ. ಅದನ್ನು ಪರೀಕ್ಷಿಸುವ ಹಟ ಹಿಡಿದವರು ನಮ್ಮ ಸಿಕಂದರಾಬಾದಿನಲ್ಲಿದ್ದ ಸೇನಾವೈದ್ಯ ರಾಸ್.

ಬೂದು ಸೊಳ್ಳೆ, ಪಟ್ಟೆ ಸೊಳ್ಳೆಗಳನ್ನು ಎರಡು ವರ್ಷ ಸೀಳಿ ನೋಡಿದರೂ ಏನೂ ಸಿಗಲಿಲ್ಲ. ಕೊನೆಗೆ ೧೮೯೭ರ ಆಗಸ್ಟಿನಲ್ಲಿ ಚುಕ್ಕೆ ರೆಕ್ಕೆಯ ಬೇರೊಂದು ಜಾತಿ ಕೈಗೆ ಬಂತು. ಹುಸೇನ್ ಖಾನ್ ಎಂಬ ಜ್ವರದ ರೋಗಿ, ಕಚ್ಚಿದ ಸೊಳ್ಳೆಗೆ ಒಂದಾಣೆಯಂತೆ, ಹತ್ತು ಸೊಳ್ಳೆಗಳಿಗೆ ಮೈಯೊಡ್ಡಿ ಹತ್ತಾಣೆ ಪಡೆದ. ರಾಸರ ಕಷ್ಟವೂ ಕಡಿಮೆಯದಲ್ಲ. ಪಂಖ ಬೀಸಿದರೆ ಸೊಳ್ಳೆ ಹಾರಿಹೋಗುತ್ತದೆ, ಬೀಸದಿದ್ದರೆ ಬೆವರಿಳಿದು ಮೈಕ್ರೋಸ್ಕೋಪಿನ ಸ್ಕ್ರೂಗಳು ತುಕ್ಕು ಹಿಡಿಯುತ್ತವೆ! ಆಗಸ್ಟ್ ೨೦ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಒಳಗೆ ಅದೇ ಕಪ್ಪು ಕಣಗಳು. ಮರುದಿನ ಕೊಯ್ದ ಸೊಳ್ಳೆಯಲ್ಲಿ ಕೋಶಗಳು ಇನ್ನೂ ದೊಡ್ಡವಾಗಿದ್ದವು. ಅಂದರೆ ಜೀವಾಣು ಸೊಳ್ಳೆಯೊಳಗೆ ಬೆಳೆಯುತ್ತಿದೆ! ಮುಂದಿನ ವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಹಿಡಿದು, ಅದು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಬಂದು ಸೇರುವುದನ್ನೂ ರಾಸ್ ತೋರಿಸಿದರು. ೧೯೦೨ರಲ್ಲಿ ನೊಬೆಲ್ ಬಹುಮಾನ ಬಂತು. ಅದರಲ್ಲಿ ಹುಸೇನ್ ಖಾನನ ಪಾಲು ಆ ಹತ್ತಾಣೆಯೇ ಎಂದುಕೊಂಡರೆ ನನಗೆ ಯಾಕೋ ಕಸಿವಿಸಿ.

ಈ ಕಥೆಯ ಬೇರು ನಮ್ಮ ಬೆಂಗಳೂರಿನಲ್ಲಿದೆ ಎಂಬುದು ಅನೇಕರಿಗೆ ತಿಳಿಯದು. ತರುಣ ರಾಸ್ ೧೮೮೩ರ ಸುಮಾರಿಗೆ ಅಲ್ಲಿನ ದಂಡಿನಲ್ಲಿ ವೈದ್ಯರಾಗಿದ್ದಾಗ, ತಮ್ಮ ಕಿಟಕಿಯಾಚೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಅದನ್ನು ಮಗುಚಿ ಹಾಕಿದರು. ಕಾಟ ನಿಂತಿತು. ಊಟದ ಮನೆಯ ತೊಟ್ಟಿಗಳನ್ನೂ ಖಾಲಿ ಮಾಡಿಸೋಣವೆಂದರೆ ಅಧಿಕಾರಿಯೊಬ್ಬ ಒಪ್ಪಲಿಲ್ಲವಂತೆ. ದೇವರು ಸೊಳ್ಳೆಯನ್ನು ಏನೋ ಉದ್ದೇಶದಿಂದಲೇ ಸೃಷ್ಟಿಸಿದ್ದಾನೆ, ನಾವು ಸಹಿಸಿಕೊಳ್ಳಬೇಕು ಎಂಬುದು ಅವನ ವಾದ.

ಆ ಅಧಿಕಾರಿಯ ವಂಶ ನಿಂತಿಲ್ಲ. ನಮ್ಮ ಕಟ್ಟಡದ ಮಾಳಿಗೆಯ ನೀರಿನ ಟ್ಯಾಂಕಿಗೆ ಮುಚ್ಚಳವಿರಲಿಲ್ಲ. ಪಟ್ಟಣದ ಮಲೇರಿಯಾ ಹರಡುವ ಸೊಳ್ಳೆಗೆ ಇಂಥ ಟ್ಯಾಂಕೇ ತವರುಮನೆ ಎಂದು ಸಭೆಯಲ್ಲಿ ಎರಡು ಸಲ ಹೇಳಿದೆ. “ಊರಿಗೆಲ್ಲ ಸೊಳ್ಳೆ ಇದೆ ಸ್ವಾಮಿ, ನಮ್ಮ ಟ್ಯಾಂಕೊಂದರಿಂದ ಏನಾಗುತ್ತೆ?” ಎಂದರು. ಕಳೆದ ಮಳೆಗಾಲ ಮೂರನೆಯ ಮಹಡಿಯ ಹುಡುಗಿ ನಡುಗುತ್ತ ಆಸ್ಪತ್ರೆ ಸೇರಿದಳು. ರಕ್ತದ ಹನಿಯಲ್ಲಿ ಲಾವೆರಾನ್ ಕಂಡ ಆ ಜೀವಾಣುವೇ ಇತ್ತು. ಒಂಬತ್ತನೆಯ ದಿನ ಮನೆಗೆ ಬಂದಳು. ನಮ್ಮಜ್ಜಿಯ ಮಕ್ಕಳಿಗಿಲ್ಲದ ಭಾಗ್ಯ. ಅದೇ ವಾರ ಟ್ಯಾಂಕಿಗೆ ಮುಚ್ಚಳ ಬಂತು, ಯಾರೂ ಚರ್ಚೆ ಮಾಡಲಿಲ್ಲ.