ನಾಟಕಗಳ ಯಾದಿ

ಮಚ್ಛೆಯೆಂಬುದು ಹೊರಗಿನವರ ಪಾಲಿಗೆ ಈಗ ಊರಿಗಿಂತ ಹೆಚ್ಚಾಗಿ ಒಂದು ವಿಳಾಸ. ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದು ಉದ್ಯಮಬಾಗ, ಪೀರನವಾಡಿಗಳನ್ನು ದಾಟಿದರೆ ಸಿಕ್ಕುವ ಈ ಊರಿನ ಹೆಸರನ್ನು 1998ರಲ್ಲಿ ಸ್ಥಾಪನೆಯಾದ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ಲಕೋಟೆಯ ಮೇಲೆ ಬರೆದುಕೊಳ್ಳುತ್ತದೆ. ಅದರಿಂದಾಗಿ ಬೀದರದ ಹುಡುಗನಿಗೂ ಮಂಗಳೂರಿನ ಹುಡುಗನಿಗೂ ಮಚ್ಛೆ ಗೊತ್ತು. ಉಳಿದವರಿಗೆ ಇದು ಕಾರಖಾನೆಗಳ ಊರು. ಪಾಳಿ ಮುಗಿಸಿ ಮನೆಗೆ ಬಂದವನು ಉಂಡು ಮಲಗುತ್ತಾನೆಯೇ ಹೊರತು, ರಾತ್ರಿ ಹತ್ತಕ್ಕೆ ಚಾಪೆ ಕಂಬಳಿ ಬಗಲಲ್ಲಿಟ್ಟುಕೊಂಡು ನಾಟಕಕ್ಕೆ ಹೊರಡುವುದು ಅಪರೂಪ.

ಹೀಗಿರಲಾಗಿ, ನಮ್ಮ ಓಣಿಯ ತರುಣರು ನಾಲ್ಕಾರು ಮಂದಿ ಒಂದು ರವಿವಾರ ಮನೆಗೆ ಬಂದು, "ಸರ, ನೀವು ಕನ್ನಡಾ ಕಲಿಸಾವರು. ನಮ್ಮ ಭಾಗದಾಗ ಹಿಂದ ಆಡಿದ ನಾಟಕದ್ದೊಂದು ಯಾದಿ ಮಾಡಿಕೊಡ್ರಿ, ಸ್ಮರಣ ಸಂಚಿಕೆಗೆ ಹಾಕತೀವಿ" ಎಂದಾಗ ನನಗೆ ಸಂತೋಷವೇ ಆಯಿತು. ಚಹಾ ಕುಡಿದು ಎದ್ದು, ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ ಅವರಲ್ಲೊಬ್ಬ ಇನ್ನೊಂದು ಮಾತು ಸೇರಿಸಿದ: "ಕನ್ನಡದವಷ್ಟ, ಸರ."

ಆ ಒಂದು ಮಾತು ನನ್ನನ್ನು ಮೂರು ತಿಂಗಳು ತಿರುಗಿಸಿತು.

ನಾಟಕದ ಯಾದಿ ಮಾಡುವುದಕ್ಕೆ ಮೊದಲು ನಾಟಕದ ಹಂಗಾಮು ಎಂದರೇನೆಂಬುದನ್ನು ಹೇಳಬೇಕು. ಜೋಳಕ್ಕೆ, ಭತ್ತಕ್ಕೆ, ಬೆಲ್ಲದ ಗಾಣಕ್ಕೆ ಇರುವಂತೆ ನಾಟಕಕ್ಕೂ ನಮ್ಮ ಕಡೆ ಒಂದು ಹಂಗಾಮು. ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡಬೇಕು, ಮಳೆ ದೂರವಿರಬೇಕು, ಊರ ದೇವರ ಜಾತ್ರೆ ಹತ್ತಿರವಿರಬೇಕು. ಈ ಮೂರೂ ಕೂಡಿದೊಡನೆ ಗುಡಿಯ ಕಟ್ಟೆಯ ಮೇಲೆ ನಾಟಕದ ಮಾತು ಏಳುತ್ತಿತ್ತು. ವರ್ಗಣಿ ಎತ್ತುವವರು ಒಂದು ತಂಡ, ಪಾತ್ರಕ್ಕಾಗಿ ಮುನಿಸಿಕೊಳ್ಳುವವರು ಇನ್ನೊಂದು ತಂಡ. ಹೊರಗಿನಿಂದ ಒಬ್ಬ ಪೇಟಿ ಮಾಸ್ತರನನ್ನು ಕರೆತಂದು ಯಾರದಾದರೂ ಪಡಸಾಲೆಯಲ್ಲಿ ಇಳಿಸುತ್ತಿದ್ದರು. ಅವನ ಊಟ ಸರದಿಯ ಮೇಲೆ ಮನೆಮನೆಗೆ. ಅವನ ಎಲೆ ಅಡಿಕೆ ಮಾತ್ರ ಊರ ಖರ್ಚು. ತಿಂಗಳೆರಡು ತಿಂಗಳು ರಾತ್ರಿ ತಾಲೀಮು. ಹಗಲೆಲ್ಲ ಎತ್ತಿನ ಹಿಂದೆ ನಡೆದ ಗಂಟಲು ರಾತ್ರಿ ಭೀಮಪಲಾಸಕ್ಕೆ ಸರಿಬರುವವರೆಗೂ ಮಾಸ್ತರನು ಬಿಡುತ್ತಿರಲಿಲ್ಲ.

ಪರದೆಗಳು ಬಾಡಿಗೆಯವು. ಅರಮನೆಯದೊಂದು, ಬೀದಿಯದೊಂದು, ಕಾಡಿನದೊಂದು. ಬಡವನ ಮನೆಯ ಪರದೆ ಸಿಕ್ಕದೆ ಹೋದರೆ ಬಡವನು ಕಾಡಿನಲ್ಲೇ ಸಂಸಾರ ಹೂಡುತ್ತಿದ್ದ, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಬಣ್ಣಬಣ್ಣದ ಕಾಗದದ ಮೇಲೆ ಕರಪತ್ರ. ಅದರಲ್ಲಿ ನಾಟಕಕ್ಕೆ ಎರಡು ಹೆಸರು, ನಡುವೆ 'ಅರ್ಥಾತ್' ಎಂಬ ಕೊಂಡಿ. ಯಾದಿ ಬರೆಯುವವನಿಗೆ ಇದರಿಂದ ಒಂದು ನಾಟಕ ಎರಡಾಗಿ ಕಾಣುವ ಅಪಾಯವುಂಟು. ಆಟದ ರಾತ್ರಿ ನಾಂದಿಯಾದ ಮೇಲೆ ಕತೆ ಮುಂದುವರಿಯುವುದು ಪ್ರೇಕ್ಷಕರ ಕೃಪೆಯಿಂದ. ನಾಯಕಿ ಕಣ್ಣೀರಿಡುತ್ತಿರುವಾಗಲೇ ಆಯೇರಿ ಬರುತ್ತದೆ: ಇಂಥವರ ಅಳಿಯಂದಿರು ಇಂಥ ಪಾತ್ರಕ್ಕೆ ಹತ್ತು ರೂಪಾಯಿ ಎಂದು ಕೂಗುವ ತನಕ ಅಳು ನಿಂತಿರಬೇಕು; ಆ ಮೇಲೆ ನಿಂತಲ್ಲಿಂದ ಮತ್ತೆ ಅಳಬೇಕು. ನುರಿತ ನಟಿಯರಿಗೂ ಕಷ್ಟವಾದ ಈ ಕೆಲಸವನ್ನು ನಮ್ಮ ಕಡೆಯ ಹುಡುಗರು ಸೀರೆ ಉಟ್ಟುಕೊಂಡು ಮಾಡಿದ್ದಾರೆ.

ಇಂಥ ಹಂಗಾಮುಗಳಿಗೆ ದಾಖಲೆಯೆಲ್ಲಿಯದು? ವರ್ಗಣಿಯ ವಹಿ ಲೆಕ್ಕ ಮುಗಿದೊಡನೆ ಒಲೆಗೆ ಹೋಗುತ್ತದೆ. ಕರಪತ್ರ ಕಪಾಟಿನ ಹಾಸುಗಾಗದವಾಗುತ್ತದೆ. ದೊಡ್ಡ ಕಂಪನಿಗಳ ಮಾತೇ ಬೇರೆ, ಅವಕ್ಕೆ ಚರಿತ್ರೆಯಿದೆ. ಆದರೆ 'ಕನ್ನಡದವಷ್ಟ' ಎಂಬ ಗೆರೆಯನ್ನು ಆ ಚರಿತ್ರೆಯ ಮೇಲೆ ಎಳೆದು ನೋಡೋಣವೆಂದು ನಾನು ಹೊರಟಾಗ ಗೆರೆ ಮೊದಲ ಹೆಜ್ಜೆಗೇ ಡೊಂಕಾಯಿತು.

1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವು ಸಾಂಗಲಿಗೆ ಹೋಗಿ ಆಟವಾಡಿತು. ಅದನ್ನು ಕಂಡ ಅಲ್ಲಿಯ ಅರಸರು, ಇಂಥದನ್ನು ಮರಾಠಿಯಲ್ಲಿ ಮಾಡೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಭಾವೆಯವರು 'ಸೀತಾ ಸ್ವಯಂವರ'ವನ್ನು ಆಡಿಸಿದರು. ಮರಾಠಿ ರಂಗಭೂಮಿ ತನ್ನ ಜನ್ಮದಿನವನ್ನು ಎಣಿಸುವುದು ಅಲ್ಲಿಂದ. ಅದೇ 1843ರಲ್ಲಿ ನಮ್ಮ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದರು. ನಾನು ಆ ಸೀಮೆಯವನೇ ಆದುದರಿಂದ ಈ ಕಾಕತಾಳೀಯವನ್ನು ವರ್ಗದಲ್ಲಿ ಹೇಳುವಾಗ ಒಂದಿಷ್ಟು ದನಿ ಏರಿಸುತ್ತೇನೆ. ಅವರು 1866ರಲ್ಲಿ ಬೆಳಗಾವಿಯಲ್ಲಿ ಗೆಳೆಯರನ್ನು ಕೂಡಿಸಿ 'ಭರತಶಾಸ್ತ್ರೋತ್ತೇಜಕ ಮಂಡಳಿ'ಯೆಂಬ ಹವ್ಯಾಸಿ ಕೂಟವನ್ನು ಕಟ್ಟಿದರು. ಹದಿನಾಲ್ಕು ವರ್ಷಗಳ ಮೇಲೆ, 1880ರಲ್ಲಿ, ಪುಣೆಯಲ್ಲಿ ಅವರ 'ಸಂಗೀತ ಶಾಕುಂತಲ' ಬಂದಿತು, 1882ರಲ್ಲಿ 'ಸೌಭದ್ರ'. ಕನ್ನಡದ ಧಾಟಿಗಳನ್ನು ಅವರು ತಮ್ಮ ಮರಾಠಿ ಪದಗಳಿಗೆ ಧಾರಾಳವಾಗಿ ಬಳಸಿಕೊಂಡರು. ಬಾಲ್ಯದಲ್ಲಿ ಕಿವಿಗೆ ಬಿದ್ದುದನ್ನು ಬಳಸದೆ ಬಿಡುವುದು ಹೇಗೆ?

ಇತ್ತ ಮರಾಠಿ ಮಂಡಳಿಗಳು ಧಾರವಾಡ, ಹುಬ್ಬಳ್ಳಿ, ಗದಗುಗಳಲ್ಲಿ ಮುಕ್ಕಾಮು ಮಾಡಿ, ಕನ್ನಡಿಗರು ತಿಳಿದೂ ತಿಳಿಯದೆ ಚಪ್ಪಾಳೆ ತಟ್ಟುವುದನ್ನು ಕಂಡು ಮನನೊಂದವರು ಸಕ್ಕರಿ ಬಾಳಾಚಾರ್ಯರು, ನಮ್ಮ ಶಾಂತಕವಿಗಳು. 1870ರ ದಶಕದಲ್ಲಿ ಅವರು ಗದುಗಿನಲ್ಲಿ ಮಂಡಳಿ ಕಟ್ಟಿ 'ಉಷಾಹರಣ'ವನ್ನು ಬರೆದು ಆಡಿಸಿದರು. ಅವರ ಸಿಟ್ಟು ನ್ಯಾಯವಾದುದು. ಆ ಸಿಟ್ಟು ಇರದಿದ್ದರೆ ಈ ಭಾಗದಲ್ಲಿ ಕನ್ನಡ ನಾಟಕ ಇನ್ನೆಷ್ಟು ಕಾಲ ಮಲಗಿರುತ್ತಿತ್ತೋ. ಆದರೆ ಸಿಟ್ಟಿನಿಂದ ಹುಟ್ಟಿದ ಮೇಲೆಯೂ ನಮ್ಮ ಕಂಪನಿ ನಾಟಕ ಮರಾಠಿಯ ಧಾಟಿಗಳನ್ನು ಬಿಟ್ಟಿತೇ? ಹಳೆಯ ನಾಟಕದ ಪುಸ್ತಕಗಳನ್ನು ತೆರೆದು ನೋಡಿ: ಪದದ ನೆತ್ತಿಯ ಮೇಲೆ ಇಂಥ ಧಾಟಿಯೆಂದು ಒಂದು ಮರಾಠಿ ಹಾಡಿನ ಮೊದಲ ಎರಡು ಶಬ್ದಗಳಿರುತ್ತವೆ. ಕೊಟ್ಟ ಸಾಲವೇ ಬಡ್ಡಿಯೊಡನೆ ಮರಳಿ ಬಂದಿತೋ, ಹೊಸ ಸಾಲ ಎತ್ತಿದೆವೋ, ಬಲ್ಲವರು ಹೇಳಬೇಕು. ಕುಂದಗೋಳದ ರಾಮಭಾವು ಮರಾಠಿ ರಂಗಭೂಮಿಗೆ ಹೋಗಿ ಸವಾಯಿ ಗಂಧರ್ವರಾದರು. ಬೀಳಗಿಯ ಗೋಹರಬಾಯಿ 1938ರಲ್ಲಿ ಬಾಲಗಂಧರ್ವರ ಮಂಡಳಿಯನ್ನು ಸೇರಿದರು. ಅಲ್ಲಿಯ ತನಕ ಆ ಮಂಡಳಿಯ ನಾಯಕಿಯೆಂದರೆ ಸ್ವತಃ ಬಾಲಗಂಧರ್ವರು. ಅವರ ಪಕ್ಕಕ್ಕೆ ನಾಯಕಿಯಾಗಿ ನಿಂತವಳು ಕನ್ನಡದ ಹೆಣ್ಣುಮಗಳು.

ಹಾಗೆಂದು ಎಲ್ಲವೂ ಕಲಸುಮೇಲೋಗರವೆಂದು ನಾನು ಹೇಳುತ್ತಿಲ್ಲ. ಬೆಳಗಾವಿಯಿಂದ ಪೂರ್ವಕ್ಕೆ ಇಳಿದರೆ ಗೋಕಾವಿಯ ಕಡೆಗೆ 'ಶ್ರೀಕೃಷ್ಣ ಪಾರಿಜಾತ'. ಕೌಜಲಗಿ ನಿಂಗಮ್ಮನ ಹೆಸರು ಹೇಳಿದರೆ ಅಲ್ಲಿಯ ಮುದುಕರು ಇಂದಿಗೂ ನೆಟ್ಟಗೆ ಕೂಡುತ್ತಾರೆ. ಬೈಲಹೊಂಗಲದಲ್ಲಿ ನಡೆದುದೆಂದು ಹೇಳುವ ಕತೆ 'ಸಂಗ್ಯಾ ಬಾಳ್ಯಾ' ಆಯಿತು. ಇವು ಯಾರ ಅಂಗಡಿಯಿಂದಲೂ ತಂದ ಸರಕಲ್ಲ. ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಮಣ್ಣನ್ನೇ ತುಳಿದು 1972ರಲ್ಲಿ 'ಜೋಕುಮಾರಸ್ವಾಮಿ'ಯನ್ನು ಕೊಟ್ಟರು. ಪಶ್ಚಿಮಕ್ಕೆ ಘಟ್ಟ ಇಳಿದರೋ ಕೊಂಕಣದ ದಶಾವತಾರದ ರಾತ್ರಿಗಳು. ನಮ್ಮ ಮಚ್ಛೆ ಈ ಎರಡರ ನಡುವೆ ರಸ್ತೆಯ ಬದಿಗೆ ಕುಳಿತಿದೆ. ಯಾರ ಬಂಡಿ ಬಂದರೂ ಇಲ್ಲಿ ಹಾಯಬೇಕು.

ಬೆಳಗಾವಿಯ ಮಾತೆತ್ತಿ ಏಣಗಿ ಬಾಳಪ್ಪನವರನ್ನು ನೆನೆಯದಿರುವುದು ಸಲ್ಲ. 1914ರಲ್ಲಿ ಹುಟ್ಟಿ 2017ರಲ್ಲಿ ಕಣ್ಮುಚ್ಚಿದ ಈ ಹಿರಿಯರದು ನೂರಮೂರು ವರ್ಷಗಳ ಆಯುಸ್ಸು. ಎಳವೆಯಲ್ಲಿ ಹೆಣ್ಣು ಪಾತ್ರ, ಅನಂತರ 'ಕಲಾವೈಭವ ನಾಟ್ಯ ಸಂಘ'ದ ಒಡೆತನ. 'ಜಗಜ್ಯೋತಿ ಬಸವೇಶ್ವರ'ದಲ್ಲಿ ಅವರು ರಂಗಕ್ಕೆ ಬಂದರೆ ಪ್ರೇಕ್ಷಕರು ಕೈಮುಗಿಯುತ್ತಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಏಣಗಿಯೂ ಗುರ್ಲಹೊಸೂರೂ ಒಂದೇ ಸೀಮೆ. ಒಂದು ಊರು ಮರಾಠಿಗೆ ಸಂಗೀತ ನಾಟಕ ಕೊಟ್ಟಿತು, ಇನ್ನೊಂದು ಕನ್ನಡಕ್ಕೆ ಬಾಳಪ್ಪನವರನ್ನು ಕೊಟ್ಟಿತು.

ಇವೆಲ್ಲ ಪುಸ್ತಕದಲ್ಲಿ ಸಿಕ್ಕುವ ಸಂಗತಿಗಳು. ತರುಣರು ಕೇಳಿದ್ದು ಊರ ನಾಟಕಗಳನ್ನು. ಅದಕ್ಕಾಗಿ ಊರ ಹಿರಿಯರ ಮನೆಗಳನ್ನು ಸುತ್ತಿದೆ. 1956ರಲ್ಲಿ ಬೆಳಗಾವಿ ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಂದಿನಿಂದ ಇಲ್ಲಿ ಯಾವ ಮಾತಿಗೂ ಎರಡು ಅಂಚು, ನಾಟಕದ ಯಾದಿಯೆಂದರೂ "ಯಾಕ್ರೀ, ಏನ ಮಾಡತೀರಿ ಇದನ್ನ ತುಗೊಂಡು?" ಎಂದು ಕೇಳುವವರೇ ಹೆಚ್ಚು. ಯಾವ ಭಾಷೆಯ ನಾಟಕ ಹೆಚ್ಚು ಆಡಿದಿರಿ ಎಂಬ ಪ್ರಶ್ನೆಗೆ ಒಬ್ಬ ಅಜ್ಜಿ ಕೊಟ್ಟ ಉತ್ತರವನ್ನು ನಾನು ಹಾಗೆಯೇ ಬರೆದುಕೊಂಡಿದ್ದೇನೆ: "ಭಾಷಾ ಯಾರಿಗೆ ನೆನಪೈತ್ರಿ? ಬೆಳತನಕ ಅತ್ತದ್ದು ನೆನಪೈತಿ."

ಕಡೆಗೆ ನನ್ನನ್ನು ಕೂಡಿಸಿಕೊಂಡು ಮಾತಾಡಿದವರು ಕಾರಖಾನೆಯಿಂದ ನಿವೃತ್ತರಾದ ಒಬ್ಬ ಅಜ್ಜ. ಮನೆಮಾತು ಮರಾಠಿ, ಕಲಿತದ್ದು ಮರಾಠಿ ಶಾಲೆಯಲ್ಲಿ ನಾಲ್ಕು ಇಯತ್ತೆ. ತಾರುಣ್ಯದಲ್ಲಿ ಸೀರೆ ಉಟ್ಟು ನಾಯಕಿಯ ಪಾತ್ರ ಮಾಡಿದವರು, ಅದೂ ಕನ್ನಡ ನಾಟಕದಲ್ಲಿ. "ಊರಾಗ ನನ್ನಂಥಾ ಧ್ವನಿ ಯಾರದೂ ಇರಲಿಲ್ಲರೀ, ಅದಕ್ಕ ನನ್ನ ಹಿಡಕೊಂಡು ಬಂದರು" ಎಂದು, ಸೊಸೆಗೆ ಹೇಳಿ ಟ್ರಂಕು ತೆಗೆಸಿ ಒಂದು ನೋಟುಬುಕ್ಕು ಕೊಟ್ಟರು. ತೆರೆದು ನೋಡಿದೆ, ಬಾಳಬೋಧ ಲಿಪಿ. ಮರಾಠಿಯೆಂದು ತಿಳಿದು ಎರಡು ಸಾಲು ಓದಿದರೆ ಅಚ್ಚ ಕನ್ನಡ. ನಾಯಕಿಯ ಮಾತು, ಪದ, ಅಳು, ಮೂರ್ಛೆ ಎಲ್ಲವನ್ನೂ ಪೇಟಿ ಮಾಸ್ತರನು ಬಾಯಲ್ಲಿ ಹೇಳುತ್ತಿದ್ದ ಹಾಗೆ ಇವರು ತಮಗೆ ಬಂದ ಅಕ್ಷರದಲ್ಲಿ ಬರೆದುಕೊಂಡಿದ್ದರು. ಹ್ರಸ್ವ ಎಕಾರ ಒಕಾರಗಳಿಗೆ ಆ ಲಿಪಿಯಲ್ಲಿ ಗುರುತಿಲ್ಲ. ಎಲ್ಲಿ ಎಳೆಯಬಾರದೋ ಅಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಚುಕ್ಕೆ. ವ್ಯಾಕರಣ ಕಲಿಸುವ ನಾನು ಆ ಚುಕ್ಕೆಗಳನ್ನು ಬಹಳ ಹೊತ್ತು ನೋಡಿದೆ.

ಆ ನಾಟಕವನ್ನು ಯಾದಿಯಲ್ಲಿ ಮೊದಲನೆಯದಾಗಿ ಬರೆದಿದ್ದೇನೆ. ಲಿಪಿಯ ಸಂಗತಿಯನ್ನೂ ಅದರ ಮುಂದೆ ನಮೂದಿಸಿದ್ದೇನೆ. ಸ್ಮರಣ ಸಂಚಿಕೆಯ ತರುಣರು ಅದನ್ನು ಉಳಿಸುತ್ತಾರೋ ಹೊಡೆಯುತ್ತಾರೋ ತಿಳಿಯದು. ಉಳಿಸಿರೆಂದು ಎರಡು ಸಲ ಹೇಳಿ ಬಂದಿದ್ದೇನೆ, ಹೊಡೆದರೆ ಉಳಿದ ಯಾದಿಯನ್ನೂ ಮರಳಿ ಕೇಳುವವನಿದ್ದೇನೆ.

ನಾನು ಹೊರಡಲು ಎದ್ದಾಗ ಅಜ್ಜ ನೋಟುಬುಕ್ಕಿನ ಒಂದು ಪುಟಕ್ಕೆ ಬೆರಳಿಟ್ಟು, "ಸರ, ಇದೊಂದು ಶಬ್ದಾ ಹೇಳ್ರಿ. ಅವಾಗ ಯಾರನೂ ಕೇಳಾಕ ಆಗಲಿಲ್ಲ, ನಾಚಿಕಿ" ಎಂದರು. ಶಬ್ದ 'ಬಸವಳಿದೆ' ಎಂದಿತ್ತು.

"ದಣಿದೆ, ಸೋತು ಹೋದೆ ಅಂತರೀ ಅಜ್ಜಾರ."

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾ ಬಸವಣ್ಣನ ಹೆಸರಂತ ತಿಳದಿದ್ನಿರಿ. ಅದು ಬಂದಾಗೆಲ್ಲಾ ಮ್ಯಾಲ ನೋಡಿ ಕೈ ಮುಗೀತಿದ್ದೆ."

"ಜನ ಏನಂದರು?"

"ವನ್ಸ್ ಮೋರ್ ಅಂದರು."